ಸಲೈನ್‌ದಾಗ ಕರೆಂಟ್: ಪ್ರತಿಕಾಯದ ಬೆನ್ನೇರಿ ಗಡ್ಡೆಗೆ ಹೋಗುವ ವಿಕಿರಣ

ಕಾಕಾ ಸಲೈನ್ ನಳಿಗೆಯ ಹನಿ ಎಣಿಸುತ್ತಿದ್ದರು. ವಿಜಯಪುರ ಕಡೆಯ ತಿಕೋಟಾ ಹತ್ತಿರ ಅವರದು ಮೂರು ಎಕರೆ ದ್ರಾಕ್ಷಿ ಪಡ. ಎಲ್ಲಿ ಹನಿ ಬಿದ್ದರೂ ಲೆಕ್ಕ ಹಾಕದೆ ಇರಲಾರದ ಮನುಷ್ಯ. “ನಮ್ಮ ಡ್ರಿಪ್ಪರ್ ತಾಸಿಗೆ ನಾಕ ಲೀಟರ್ ಬಿಡ್ತೈತಿ. ಇದು ಮುಂಜಾನಿಂದ ಅರ್ಧ ಲೀಟರ್ ಇಳಿಸವಲ್ದು” ಅಂದರು. ಬಾಟಲಿಯಲ್ಲಿದ್ದದ್ದು ರಿಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ. ಮೊದಲ ಸಲ ಅದನ್ನು ಬಹಳ ನಿಧಾನ ಬಿಡುತ್ತಾರೆ, ಕೆಲವರಿಗೆ ಮೈ ನಡುಗಿ ಚಳಿಜ್ವರ ಬರುತ್ತದೆಂದು. ಕಾಕಾಗೂ ಬಂತು. ಸಿಸ್ಟರ್ ಓಡಿ ಬಂದು ಚಕ್ರ ತಿರುಗಿಸಿ ಹನಿ ನಿಲ್ಲಿಸಿದರು, ಇಂಜೆಕ್ಷನ್ ಕೊಟ್ಟರು. ನಾನು ಎರಡು ರಗ್ಗು ಹೊದಿಸಿ ಅವರ ಅಂಗಾಲು ತಿಕ್ಕುತ್ತ ಕೂತೆ. ಅರ್ಧ ತಾಸಿಗೆ ನಡುಕ ಇಳಿಯಿತು, ಹನಿ ಮತ್ತೆ ಶುರುವಾಯಿತು.

ಬಾಜೂ ಕಾಟಿನಲ್ಲಿ ಇಂಡಿ ಕಡೆಯವರೊಬ್ಬರಿದ್ದರು. ತಮ್ಮ ಅಣ್ಣನ ಪ್ರಾಸ್ಟೇಟ್ ಕ್ಯಾನ್ಸರಿಗೆ ಮುಂಬೈಯಲ್ಲಿ ‘ಲುಟೇಶಿಯಂ’ ಕೊಟ್ಟರು, ಅದೂ ಕರೆಂಟೇ, ಅಂದರೆ ರೇಡಿಯೇಶನ್ನೇ, ಆದರೆ ಸಲೈನಿನಲ್ಲಿ ಹಾಕಿ ಕೊಡುವ ಕರೆಂಟ್ ಎಂದು ಅವರು ಹೇಳಿದ್ದೇ ತಡ, ಕಾಕಾ ನನ್ನ ಕಡೆ ತಿರುಗಿದರು. “ಅಲ್ಲೋ ತಮ್ಮಾ, ನೀ ಕಾಲೇಜಿನಾಗ ಫಿಸಿಕ್ಸ್ ಕಲಿಸಾಂವ. ಕರೆಂಟ್ ಅಂದ್ರ ದೊಡ್ಡ ಮಷಿನ್ ಕೆಳಗ ಮಲಗಿಸಿ ಕೊಡ್ತಾರ ಅಂತ ಕೇಳಿದ್ದೆ. ಸಲೈನ್‌ದಾಗ ಹಾಕಿ ಕೊಡಾಕ ಬರ್ತೈತೇನ? ಬರ್ತಿದ್ರ ನನಗ್ಯಾಕ ಕೊಡವಲ್ರು?”

ಎರಡೂ ಒಳ್ಳೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ ಉತ್ತರ ಹೇಳಲು ನನಗೆ ಮೂರು ಸಂಜೆ ಹಿಡಿದವು. ಕಾಕಾಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ ವಾರ್ಡಿನಲ್ಲಿ ಇದೇ ಪ್ರಶ್ನೆ ನುಂಗಿಕೊಂಡು ಮಲಗಿದ್ದವರು ಇನ್ನೂ ಬಹಳ ಮಂದಿ ಇದ್ದರು.

ಮೊದಲು ‘ಕರೆಂಟ್’ ಎಂಬ ಮಾತಿನ ಬಗ್ಗೆ. ನಮ್ಮ ಕಡೆ ರೇಡಿಯೇಶನ್ನಿಗೆ ಎಲ್ಲರೂ ಹಾಗೇ ಅನ್ನುತ್ತಾರೆ. ಅದರಿಂದ ಒಂದು ಭಯವೂ ಬೆಳೆದಿದೆ: ಒಳಗೆಲ್ಲ ಸುಟ್ಟುಹೋಗುತ್ತದೆ ಎಂದು. ವಿಕಿರಣ ಸುಡುವುದಿಲ್ಲ. ಮೈಯಲ್ಲಿ ಇಳಿದ ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಕಿಲೋ ಮಾಂಸಖಂಡದಲ್ಲಿ ಒಂದು ಜೂಲ್ ಶಕ್ತಿ ಇಳಿದರೆ ಒಂದು ಗ್ರೇ. ಲಿಂಫೋಮಾದ (ಬಿಳಿರಕ್ತಕಣಗಳ ಒಂದು ಬಗೆಯ ಕ್ಯಾನ್ಸರಿನ) ಗಡ್ಡೆಯನ್ನು ಕರಗಿಸಬಲ್ಲ 20 ಗ್ರೇ ಒಟ್ಟಿಗೇ ಇಳಿದರೂ ಆ ಜಾಗದ ಬಿಸಿ ಏರುವುದು ಒಂದು ಡಿಗ್ರಿಯ 200ನೇ ಒಂದು ಪಾಲು ಮಾತ್ರ. ಒಂದು ಗುಟುಕು ಬಿಸಿ ಚಹಾ ಇದಕ್ಕಿಂತ ಹೆಚ್ಚು ಕಾಯಿಸುತ್ತದೆ. ಆದರೆ ಚಹಾದ ಶಾಖ ಎಲ್ಲ ಕಡೆ ಹರಡಿಹೋಗುತ್ತದೆ, ವಿಕಿರಣದ ಕಣ ತನ್ನ ಶಕ್ತಿಯನ್ನು ಒಂದು ಗೆರೆಯ ಮೇಲೆ ಸುರಿಯುತ್ತದೆ. ಆ ಗೆರೆ ಜೀವಕೋಶದ ಡಿಎನ್‌ಎ ಮೇಲೆ ಹಾದರೆ ಎಳೆ ತುಂಡಾಗುತ್ತದೆ. ಎರಡೂ ಎಳೆ ಒಂದೇ ಕಡೆ ತುಂಡಾದರೆ ಕೋಶಕ್ಕೆ ಜೋಡಿಸಿಕೊಳ್ಳುವುದು ಕಷ್ಟ. ಮುಂದೆ ಒಡೆದು ಎರಡಾಗಲು ಹೋದಾಗ ಸಾಯುತ್ತದೆ. ಹಾಗಾಗಿ ವಿಕಿರಣದ ಕೆಲಸ ಬೆಂಕಿಯದಲ್ಲ, ಕತ್ತರಿಯದು. ಕತ್ತರಿ ಎಲ್ಲಿ ಆಡಬೇಕು ಎಂಬುದೇ ಇಡೀ ವಿದ್ಯೆ.

ಕಾಕಾರ ಕಾಯಿಲೆ ಫಾಲಿಕ್ಯುಲರ್ ಲಿಂಫೋಮಾ. ಕೊರಳ ಬದಿಗೆ ಅಡಿಕೆ ಗಾತ್ರದ ಗಂಟು ಎದ್ದಿತ್ತು, ನೋವಿರಲಿಲ್ಲ, ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಸ್ಕ್ಯಾನ್ ಮಾಡಿದಾಗ ಕಂಕುಳಲ್ಲೂ ಹೊಟ್ಟೆಯೊಳಗೂ ಗಂಟುಗಳಿದ್ದವು. ಹೀಗೆ ಮೈತುಂಬ ಹರಡಿದ್ದಕ್ಕೆ ಹೊರಗಿನ ಮಷಿನ್ನಿನಿಂದ ಗುರಿಯಿಟ್ಟು ವಿಕಿರಣ ಕೊಡುವುದೆಂದರೆ ಎಲ್ಲಿ ಅಂತ ಕೊಡುವುದು? ಕೀಮೋ ಎಲ್ಲ ಕಡೆ ಹೋಗುತ್ತದೆ ನಿಜ, ಆದರೆ ಅದು ದಾವಣಿ ರೋಗ ಬಂತೆಂದು ಇಡೀ ಪಡಕ್ಕೆ ಬ್ಲೋವರ್ ಹಚ್ಚಿ ಔಷಧಿ ಹೊಡೆದ ಹಾಗೆ. ಎಲೆ, ಕಾಯಿ, ಹೊಡೆಯುವವನ ಮುಖ ಎಲ್ಲದರ ಮೇಲೂ ಬೀಳುತ್ತದೆ. “ಅಂದ್ರ ಡ್ರಿಪ್ ಬೇಕು” ಅಂದರು ಕಾಕಾ. ನಾನು ಹೇಳಬೇಕೆಂದಿದ್ದ ಹೋಲಿಕೆಯನ್ನು ಅವರೇ ಹೇಳಿದರು. ಬೇಕಾದ ಬೇರಿಗೆ ಬೇಕಾದಷ್ಟು.

ಆದರೆ ಡ್ರಿಪ್ಪಿಗೆ ಪೈಪು ಎಳೆಯುವವರು ನಾವು. ಮೈಯೊಳಗೆ ಪೈಪು ಎಳೆಯುವವರಾರು? ಇಲ್ಲಿಗೆ ಪ್ರತಿಕಾಯ ಬರುತ್ತದೆ.

ಪ್ರತಿಕಾಯ ನಮ್ಮ ರಕ್ತದಲ್ಲೇ ಇರುವ ಪ್ರೋಟೀನು. ಹೊರಗಿನಿಂದ ಬಂದ ರೋಗಾಣುವಿನ ಮೈಮೇಲಿನ ಒಂದು ನಿರ್ದಿಷ್ಟ ಆಕಾರವನ್ನು ಹಿಡಿದುಕೊಳ್ಳಲೆಂದೇ ದೇಹ ಅದನ್ನು ತಯಾರಿಸುತ್ತದೆ. ಇಂಗ್ಲಿಷಿನ ವೈ ಅಕ್ಷರದ ಹಾಗೆ ಎರಡು ತೋಳು, ಒಂದು ಕಾಲು. ಅದು ಶತ್ರುವನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಬರೆಯುವುದುಂಟು, ನನಗೆ ಆ ಮಾತು ಒಪ್ಪಿಗೆಯಿಲ್ಲ. ಅದಕ್ಕೆ ಕಣ್ಣಿಲ್ಲ, ದಿಕ್ಕಿಲ್ಲ, ರಕ್ತ ಒಯ್ದಲ್ಲಿಗೆ ಹೋಗುತ್ತದೆ. ಬದುವಿನ ಮೇಲೆ ನಡೆದು ಬಂದರೆ ಧೋತರದ ಅಂಚಿಗೆ ಉತ್ತರಾಣಿ ಬೀಜ ಅಂಟಿಕೊಂಡಿರುತ್ತದಲ್ಲ, ಹಾಗೆ. ಬೀಜ ನಿಮ್ಮನ್ನು ಹುಡುಕಲಿಲ್ಲ. ನೀವು ಹಾದಾಗ ಹಿಡಿದುಕೊಂಡಿತು. ವ್ಯತ್ಯಾಸ ಇಷ್ಟೇ: ಉತ್ತರಾಣಿ ಯಾವ ಬಟ್ಟೆಗಾದರೂ ಅಂಟುತ್ತದೆ, ಪ್ರತಿಕಾಯ ಒಂದೇ ನೇಯ್ಗೆಯ ಬಟ್ಟೆಗೆ ಮಾತ್ರ.

ಕಾಕಾರ ಮಟ್ಟಿಗೆ ಆ ನೇಯ್ಗೆ ಸಿಡಿ20 ಎಂಬ ಪ್ರೋಟೀನು. ಬಿ ಕೋಶಗಳೆಂಬ ಬಿಳಿರಕ್ತಕಣಗಳ ಮೈಮೇಲೆ ಅದಿರುತ್ತದೆ. ಫಾಲಿಕ್ಯುಲರ್ ಲಿಂಫೋಮಾ ಎಂದರೆ ಬಿ ಕೋಶಗಳೇ ಹಾದಿ ತಪ್ಪಿ ಬೆಳೆದದ್ದು, ಹಾಗಾಗಿ ಅವುಗಳ ಮೈಮೇಲೂ ಇರುತ್ತದೆ. ಒಳ್ಳೆಯ ಬಿ ಕೋಶಕ್ಕೂ ಕೆಟ್ಟದ್ದಕ್ಕೂ ಸಿಡಿ20 ಒಂದೇ, ಎರಡೂ ಸಾಯುತ್ತವೆ. ನಮ್ಮ ಅದೃಷ್ಟ ಏನೆಂದರೆ ಬಿ ಕೋಶಗಳಿಗೆ ಜನ್ಮ ಕೊಡುವ ಅಸ್ಥಿಮಜ್ಜೆಯ ಆಕರಕೋಶಗಳ ಮೇಲೆ ಸಿಡಿ20 ಇಲ್ಲ. ಬೇರು ಉಳಿಯುತ್ತದೆ, ಕೆಲವು ತಿಂಗಳಲ್ಲಿ ಒಳ್ಳೆಯ ಬಿ ಕೋಶಗಳು ಮತ್ತೆ ಚಿಗುರುತ್ತವೆ. ಚಾಟ್ನಿ ಮಾಡಿದ, ಅಂದರೆ ಕತ್ತರಿಸಿ ಸವರಿದ ಬಳ್ಳಿ ಚಿಗುರುವ ಹಾಗೆ ಎಂದೆ. ಕಾಕಾ ತಲೆ ಆಡಿಸಿದರು.

ಒಂದೇ ಗುರುತನ್ನು ಹಿಡಿಯುವ, ಎಲ್ಲವೂ ಒಂದೇ ಅಚ್ಚಿನ ಪ್ರತಿಕಾಯಗಳನ್ನು ಬೇಕಾದಷ್ಟು ಮಾಡುವ ದಾರಿಯನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ತೋರಿಸಿಕೊಟ್ಟರು. ಪ್ರತಿಕಾಯ ತಯಾರಿಸುವ ಇಲಿಯ ಬಿ ಕೋಶ ಪ್ರಯೋಗಾಲಯದಲ್ಲಿ ಕೆಲವೇ ದಿನ ಬದುಕುತ್ತದೆ. ಕ್ಯಾನ್ಸರ್ ಕೋಶಕ್ಕೆ ಸಾವೇ ಇಲ್ಲ. ಇವರು ಎರಡನ್ನೂ ಬೆಸೆದರು: ಹುಟ್ಟಿದ ಕೋಶಕ್ಕೆ ಒಂದರ ವಿದ್ಯೆ, ಇನ್ನೊಂದರ ಆಯುಷ್ಯ. ಕ್ಯಾನ್ಸರಿನ ಸಾಯದ ಗುಣವನ್ನೇ ಕ್ಯಾನ್ಸರಿನ ಔಷಧಿ ಮಾಡಲು ಬಳಸಿದ ಈ ಕೆಲಸಕ್ಕೆ 1984ರಲ್ಲಿ ನೊಬೆಲ್ ಬಂತು. ಅವರು ಇದರ ಪೇಟೆಂಟ್ ಮಾಡಿಸಿರಲಿಲ್ಲ. ಕಾಕಾಗೆ ಹನಿಹನಿಯಾಗಿ ಇಳಿಯುತ್ತಿದ್ದ ರಿಟುಕ್ಸಿಮ್ಯಾಬ್ ಅದೇ ವಂಶದ್ದು. ಅಮೆರಿಕದಲ್ಲಿ ಅದಕ್ಕೆ 1997ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ವಿಕಿರಣ ಇಲ್ಲ. ಬರಿಯ ಪ್ರತಿಕಾಯ, ಹೋಗಿ ಅಂಟಿಕೊಳ್ಳುತ್ತದೆ, ದೇಹದ ರಕ್ಷಣಾ ಪಡೆ ಆ ಗುರುತು ಕಂಡು ಬಂದು ಕೋಶವನ್ನು ಮುಗಿಸುತ್ತದೆ.

ಹಾಗಾದರೆ ಈ ಅಂಟುಬೀಜದ ಬೆನ್ನಿಗೆ ವಿಕಿರಣ ಸೂಸುವ ಒಂದು ಪರಮಾಣುವನ್ನು ಕಟ್ಟಿ ಕಳಿಸಿದರೆ? ರೇಡಿಯೋಇಮ್ಯುನೋಥೆರಪಿ ಎಂದರೆ ಇದೇ.

ಕಟ್ಟುವುದು ಹೇಗೆ ಎಂಬುದು ಹೇಳಿಯೇ ಮುಂದೆ ಹೋಗಬೇಕಾದ ಸೊಗಸು. ಹೀಗೆ ಕಟ್ಟುವ ಯಿಟ್ರಿಯಂ, ಲುಟೇಶಿಯಂ ಎಲ್ಲ ಲೋಹಗಳು. ಲೋಹದ ಪರಮಾಣು ಪ್ರೋಟೀನಿಗೆ ತಾನಾಗಿ ಗಟ್ಟಿಯಾಗಿ ಅಂಟುವುದಿಲ್ಲ. ಅದಕ್ಕೊಂದು ಸಣ್ಣ ಅಣುವನ್ನು ಪ್ರತಿಕಾಯಕ್ಕೆ ಮೊದಲೇ ಹೊಲಿದಿರುತ್ತಾರೆ; ಅದು ತನ್ನ ಕೈಗಳಿಂದ ಲೋಹವನ್ನು ನಾಲ್ಕೂ ಕಡೆಯಿಂದ ಅಪ್ಪಿ ಹಿಡಿಯುತ್ತದೆ. ಇದರ ಹೆಸರು ಕೀಲೇಟರ್, ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳ ಎಂಬರ್ಥದ ಪದದಿಂದ ಬಂದದ್ದು. ಕ್ಯಾನ್ಸರ್ ಎಂದರೂ ಏಡಿಯೇ. ಕನ್ನಡದಲ್ಲಿ ಏಡಿಗಂತಿ ಎನ್ನುವ ಪದವಿದೆ, ಸೊಲ್ಲಾಪುರದ ಮರಾಠಿ ಬೋರ್ಡುಗಳಲ್ಲಿ ಕರ್ಕರೋಗ ಎಂದಿರುತ್ತದೆ. ಏಡಿಯ ರೋಗಕ್ಕೆ ಏಡಿಯ ಇಕ್ಕಳವೇ ಮದ್ದು ಹೊತ್ತು ಹೋಗುತ್ತದೆ! ಈ ಇಕ್ಕಳ ಸಡಿಲಾದರೆ ಅಪಾಯ. ಬಿಟ್ಟುಹೋದ ಯಿಟ್ರಿಯಂ ಎಲುಬಿಗೆ ಹೋಗಿ ಕೂತು ಪಕ್ಕದ ಮಜ್ಜೆಗೆ ಹೊಡೆಯುತ್ತದೆ. ಇಕ್ಕಳವಿಲ್ಲದೆ ನೇರ ಪ್ರೋಟೀನಿಗೇ ಕಟ್ಟುವ ಅಯೋಡಿನ್ ಬಿಟ್ಟುಹೋದರೆ ಥೈರಾಯ್ಡಿಗೆ ಹೋಗುತ್ತದೆ, ಯಾಕೆಂದರೆ ಅಯೋಡಿನ್ ಕಂಡರೆ ಥೈರಾಯ್ಡ್ ಬಿಡುವುದಿಲ್ಲ. ಅದಕ್ಕೆ ವಿಕಿರಣದ ಅಯೋಡಿನ್ ಕಟ್ಟಿದ ಪ್ರತಿಕಾಯ ಕೊಡುವ ಮೊದಲೇ ಸಾದಾ ಅಯೋಡಿನ್ ಹನಿ ಕುಡಿಸಿ ಥೈರಾಯ್ಡಿನ ಹಸಿವು ತಣಿಸಿಬಿಡುತ್ತಾರೆ. ಆಮೇಲೆ ಬಂದದ್ದಕ್ಕೆ ಜಾಗ ಇರುವುದಿಲ್ಲ. ಥೈರಾಯ್ಡಿನ ಈ ಸ್ವಭಾವವನ್ನೇ ಹಿಡಿದು 1941ರಲ್ಲಿ ಬಾಸ್ಟನ್ನಿನ ಸಾಲ್ ಹರ್ಟ್ಜ್ ಮೊದಲ ಬಾರಿ ಥೈರಾಯ್ಡ್ ರೋಗಿಗೆ ವಿಕಿರಣದ ಅಯೋಡಿನ್ ಕೊಟ್ಟರು. ಅಲ್ಲಿ ವಿಳಾಸ ಬರೆಯುವ ಪ್ರತಿಕಾಯವೇ ಬೇಕಿರಲಿಲ್ಲ. ಮನೆ ತಾನಾಗಿ ಕರೆಯುತ್ತಿತ್ತು. ಉಳಿದ ಕ್ಯಾನ್ಸರುಗಳಿಗೆ ಅಂಥ ಸೌಕರ್ಯ ಇಲ್ಲದ್ದರಿಂದಲೇ ಇಷ್ಟೆಲ್ಲ ಸಾಹಸ.

ಈಗ ಸಾಮಾನಿನ ಮಾತು. ಎಲ್ಲ ವಿಕಿರಣವೂ ಒಂದೇ ದೂರ ಹೋಗುವುದಿಲ್ಲ. ಯಿಟ್ರಿಯಂ-90 ಸೂಸುವ ಬೀಟಾ ಕಣ (ವೇಗವಾಗಿ ಹಾರುವ ಎಲೆಕ್ಟ್ರಾನು) ಮಾಂಸಖಂಡದಲ್ಲಿ ಹೆಚ್ಚೆಂದರೆ 11 ಮಿಲಿಮೀಟರ್ ಹೋಗುತ್ತದೆ, ಲುಟೇಶಿಯಂ-177ರದು ಸುಮಾರು 2 ಮಿಲಿಮೀಟರ್. ಒಂದು ಜೀವಕೋಶದ ಅಗಲ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಅಂದುಕೊಳ್ಳಿ. ಅಂದರೆ ಒಂದು ಕೋಶಕ್ಕೆ ಅಂಟಿದ ಪರಮಾಣು ನೂರಾರು ಕೋಶಗಳಾಚೆಗೂ ಹೊಡೆಯಬಲ್ಲದು. ಗಡ್ಡೆಯೊಳಗೆ ಎಲ್ಲ ಕೋಶಗಳಿಗೂ ಪ್ರತಿಕಾಯ ಮುಟ್ಟುವುದಿಲ್ಲ, ಕೆಲವು ಕೋಶ ಸಿಡಿ20ಯನ್ನು ತೋರಿಸದೇ ಇರಬಹುದು. ಬರಿಯ ಪ್ರತಿಕಾಯಕ್ಕೆ ಅವು ಸಿಕ್ಕುವುದಿಲ್ಲ. ಪ್ರತಿಕಾಯಕ್ಕೆ ವಿಷ ಕಟ್ಟಿ ಕಳಿಸುವ ಔಷಧಿಗಳೂ ಈಗ ಇವೆ, ಆದರೆ ಆ ವಿಷ ಸಾಮಾನ್ಯವಾಗಿ ಕೋಶದ ಒಳಗೆ ಹೋಗಿ ಬಿಚ್ಚಿಕೊಂಡರೇ ಕೆಲಸ. ವಿಕಿರಣಕ್ಕೆ ಒಳಗೆ ಹೋಗುವ ಗರಜೇ ಇಲ್ಲ. ಬಾಗಿಲಲ್ಲಿ ನಿಂತು ಪಕ್ಕದ ಮನೆಗೂ ಹೊಡೆಯುತ್ತದೆ. ಈ ಚಿಕಿತ್ಸೆಯ ಬಲ ಇದೇ, ದೋಷವೂ ಇದೇ: ಪಕ್ಕದ ಮನೆ ಒಳ್ಳೆಯವರದಾದರೆ?

ಅದಕ್ಕೆ ಬೀಟಾಕ್ಕಿಂತ ಬಹಳ ಭಾರವಾದ ಆಲ್ಫಾ ಕಣಗಳ ಮೇಲೆ ಈಗ ಬಹಳ ಜನರ ಕಣ್ಣಿದೆ. ಆಲ್ಫಾ ಹೋಗುವುದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಕೆಲವೇ ಕೋಶಗಳಷ್ಟು ದೂರ. ಆದರೆ ಅಷ್ಟರಲ್ಲೇ ತನ್ನ ಶಕ್ತಿಯನ್ನೆಲ್ಲ ಸುರಿಯುವುದರಿಂದ ಕೋಶಕೇಂದ್ರಕ್ಕೆ ಕೆಲವೇ ಏಟು ಬಿದ್ದರೂ ಕೋಶ ಉಳಿಯದು. ಆಕ್ಟಿನಿಯಂ-225 ಒಂದಾದ ಮೇಲೊಂದು ನಾಲ್ಕು ಆಲ್ಫಾ ಸೂಸುತ್ತದೆ. ತೊಡಕೂ ಅಲ್ಲೇ ಇದೆ. ಮೊದಲ ಆಲ್ಫಾ ಹಾರಿದ ಹಿಂದೊದೆತಕ್ಕೆ ಇಕ್ಕಳ ಬಿಚ್ಚಿಹೋಗುತ್ತದೆ. ಹುಟ್ಟಿದ ಮರಿ ಪರಮಾಣು ಬಿಡುಬೀಸಾಗಿ ಮೂತ್ರಪಿಂಡದ ಕಡೆ ಹೊರಡಬಹುದು. ಸಾಲದ್ದಕ್ಕೆ ಜಗತ್ತಿನಲ್ಲೇ ಆಕ್ಟಿನಿಯಂ ಬಹಳ ಕಡಿಮೆ.

ಪ್ರತಿಕಾಯಕ್ಕೆ ವಿಕಿರಣ ಕಟ್ಟಿದ ಔಷಧಿಗೆ ಮೊದಲ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಅಮೆರಿಕದಲ್ಲಿ: ಜೆವಾಲಿನ್. ಇಬ್ರಿಟುಮೊಮ್ಯಾಬ್ ಎಂಬ ಪ್ರತಿಕಾಯ, ಅದಕ್ಕೆ ಯಿಟ್ರಿಯಂ-90. ಗುರಿ ಕಾಕಾರ ಔಷಧಿಯದೇ, ಸಿಡಿ20. ಮರುವರ್ಷ ಅಯೋಡಿನ್-131 ಕಟ್ಟಿದ ಬೆಕ್ಸಾರ್ ಬಂತು. ಜೆವಾಲಿನ್ ಕೊಡುವ ಕ್ರಮ ಕೇಳಿದರೆ ಎಷ್ಟು ಯೋಚನೆ ಮಾಡಿದ್ದಾರೆಂದು ತಿಳಿಯುತ್ತದೆ. ಮೊದಲು ವಿಕಿರಣವಿಲ್ಲದ ರಿಟುಕ್ಸಿಮ್ಯಾಬ್ ಕೊಡುತ್ತಾರೆ. ರಕ್ತದಲ್ಲಿ ತೇಲುವ, ಗುಲ್ಮದಲ್ಲಿ (ಸ್ಪ್ಲೀನ್) ತುಂಬಿರುವ ಸಾದಾ ಬಿ ಕೋಶಗಳ ಸಿಡಿ20ಗೆಲ್ಲ ಅದೇ ಹೋಗಿ ಅಂಟಿಕೊಳ್ಳುತ್ತದೆ. ದಾರಿಯ ಮೇಲಿನ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ವಿಕಿರಣದ ಪ್ರತಿಕಾಯ ಬಿಟ್ಟರೆ ಅದು ಅಲ್ಲಲ್ಲಿ ಖರ್ಚಾಗದೆ ಗಡ್ಡೆಯ ತನಕ ಮುಟ್ಟುತ್ತದೆ. ಇನ್ನೊಂದು ಜಾಣತನ ಹೆಸರಿನಲ್ಲೇ ಇದೆ. ಆ ಕಾಲದ ನಾಮಕರಣದ ಪ್ರಕಾರ ‘ಕ್ಸಿಮ್ಯಾಬ್’ ಎಂದು ಮುಗಿದರೆ ಇಲಿ ಮತ್ತು ಮನುಷ್ಯರ ಪ್ರೋಟೀನು ಕೂಡಿಸಿದ್ದು, ‘ಒಮ್ಯಾಬ್’ ಎಂದರೆ ಪೂರ್ತಿ ಇಲಿಯದು. ಮನುಷ್ಯರದನ್ನು ಹೋಲುವ ಪ್ರತಿಕಾಯ ರಕ್ತದಲ್ಲಿ ವಾರಗಟ್ಟಲೆ ಇರುತ್ತದೆ, ಇಲಿಯದು ಬೇಗ ಹೊರಟುಹೋಗುತ್ತದೆ. ವಿಕಿರಣ ಹೊತ್ತದ್ದು ಬೇಗ ಹೋಗಲಿ ಎಂದೇ ಇಲಿಯದನ್ನು ಉಳಿಸಿಕೊಂಡರು.

ಇದರಲ್ಲಿ ಇರುವ ಯಿಟ್ರಿಯಂ ಎಷ್ಟು ಗೊತ್ತೇ? ಒಬ್ಬ ರೋಗಿಗೆ ಕೊಡುವ ಗರಿಷ್ಠ ಪ್ರಮಾಣ 32 ಮಿಲಿಕ್ಯೂರಿ (ಎಷ್ಟು ವಿಕಿರಣ ಸೂಸುತ್ತದೆ ಎಂಬುದರ ಮಾನ). ಅದನ್ನು ತೂಕಕ್ಕೆ ತಿರುಗಿಸಿ ನಾನೇ ಲೆಕ್ಕ ಹಾಕಿ ನೋಡಿದೆ: ಒಂದು ಗ್ರಾಂ ಯಿಟ್ರಿಯಂ-90ನ್ನು ಸುಮಾರು 1.7 ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಚಿಟಿಕೆ ಎನ್ನುವ ಮಾತೂ ಇದಕ್ಕೆ ಬಹಳ ದೊಡ್ಡದಾಯಿತು. ಪ್ರತಿ 64 ತಾಸಿಗೆ ಅದರಲ್ಲಿ ಅರ್ಧ ಮುಗಿದು ಜಿರ್ಕೋನಿಯಂ ಆಗುತ್ತದೆ, ಅದರಲ್ಲಿ ವಿಕಿರಣವಿಲ್ಲ. ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿದಂತೆ ಅಂದರು ಕಾಕಾ. ಹೆಚ್ಚುಕಡಿಮೆ ಹಾಗೇ, ಆದರೆ ದ್ರಾಕ್ಷಿ ಒಣಗುವುದನ್ನು ಮೋಡ ತಡೆಯುತ್ತದೆ, ಮಳೆ ತಡೆಯುತ್ತದೆ, ಪರಮಾಣುವನ್ನು ಯಾವುದೂ ತಡೆಯುವುದಿಲ್ಲ.

ಫಲ ಕೊಟ್ಟಿತೇ? ಕೊಟ್ಟಿತು. 143 ರೋಗಿಗಳ ಮೇಲೆ ನಡೆದ ಹೋಲಿಕೆಯಲ್ಲಿ ಬರಿಯ ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇಕಡಾ 56 ಮಂದಿಯ ಗಡ್ಡೆ ಕುಗ್ಗಿದರೆ, ಜೆವಾಲಿನ್ ಪಡೆದವರಲ್ಲಿ ಶೇಕಡಾ 80 ಮಂದಿಗೆ ಕುಗ್ಗಿತು. ಅದೂ ಸುಮಾರು ಒಂದೇ ವಾರದಲ್ಲಿ ಮುಗಿಯುವ ಚಿಕಿತ್ಸೆಯಿಂದ. ಹಾಗಿದ್ದೂ ಅದು ಹಬ್ಬಲಿಲ್ಲ. ಬೆಕ್ಸಾರ್ ತಯಾರಿಕೆ 2014ರಲ್ಲಿ ನಿಂತೇಹೋಯಿತು. ಕಾಕಾರ ಎರಡನೆಯ ಪ್ರಶ್ನೆಯ ಉತ್ತರ ಇಲ್ಲಿಂದ ಶುರು.

ಒಂದು ಕಾರಣ ಮಜ್ಜೆ. ಪ್ರತಿಕಾಯ ದೊಡ್ಡ ಅಣು. ರಕ್ತದಿಂದ ಹೊರಬಿದ್ದು ಗಡ್ಡೆಯೊಳಗೆ ಸಾಕಷ್ಟು ಸೇರಿಕೊಳ್ಳಲು ಎರಡು ಮೂರು ದಿನ ಬೇಕು. ಅಷ್ಟೂ ಹೊತ್ತು ಅದು ರಕ್ತದ ಜೊತೆ ಮಜ್ಜೆಯೊಳಗೆ ಸುತ್ತುತ್ತಿರುತ್ತದೆ, ಪರಮಾಣು ಸೂಸುತ್ತಲೇ ಇರುತ್ತದೆ. ಔಷಧಿ ಕೊಟ್ಟ ದಿನ ರೋಗಿ ಆರಾಮಾಗಿ ಮನೆಗೆ ನಡೆದು ಹೋಗುತ್ತಾನೆ. ಪ್ಲೇಟ್‌ಲೆಟ್, ಬಿಳಿರಕ್ತಕಣ ತೀರ ಕೆಳಗಿಳಿಯುವುದು ಏಳರಿಂದ ಒಂಬತ್ತನೇ ವಾರದಲ್ಲಿ. ಆಗ ರಕ್ತಸ್ರಾವ, ಸೋಂಕಿನ ಭಯ. ಅದಕ್ಕೇ ವಾರವಾರ ರಕ್ತ ಪರೀಕ್ಷೆ ಬೇಕು. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಇದ್ದವರಿಗೆ, ಮಜ್ಜೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಲಿಂಫೋಮಾ ಸೇರಿದವರಿಗೆ ಇದನ್ನು ಕೊಡುವುದಿಲ್ಲ. ಕೆಲವರಿಗೆ ವರ್ಷಗಳ ನಂತರ ಮಜ್ಜೆಯ ಬೇರೆ ಕಾಯಿಲೆಗಳೂ ಬಂದಿವೆ. ಇದನ್ನು ಮುಚ್ಚಿಟ್ಟು ಬರಿಯ ಒಳ್ಳೆಯದನ್ನು ಹೇಳುವುದು ತಪ್ಪು.

ಎರಡನೆಯದು ಮನುಷ್ಯರ ಕಾರಣ. ಲಿಂಫೋಮಾ ನೋಡುವ ಡಾಕ್ಟರು ತಾವೇ ವಾರ್ಡಿನಲ್ಲಿ ಕೊಡಬಹುದಾದ ಔಷಧಿ ಇದಲ್ಲ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ರೋಗಿಯನ್ನು ಕಳಿಸಬೇಕು, ಲೈಸೆನ್ಸ್ ಬೇಕು, ಪರಮಾಣು ಬಂದ ದಿನವೇ ರೋಗಿಯೂ ಬರಬೇಕು. ಅಷ್ಟರಲ್ಲಿ ಮನೆಯಲ್ಲೇ ಕೂತು ನುಂಗುವ ಹೊಸ ಗುಳಿಗೆಗಳು ಬಂದವು. ಒಳ್ಳೆಯ ಔಷಧಿಯೊಂದು ಕೆಲಸ ಮಾಡದೆ ಸೋತಿದ್ದರೆ ಬೇರೆ ಮಾತು, ಕೊಡುವ ವ್ಯವಸ್ಥೆ ಹೊಂದದೆ ಹಿಂದೆ ಬಿದ್ದದ್ದು ನನಗೆ ಈಗಲೂ ಬೇಸರದ ಸಂಗತಿ.

ಗಟ್ಟಿ ಗಡ್ಡೆಗಳ ಕತೆ ಇನ್ನೂ ಕಷ್ಟದ್ದು. ಲಿಂಫೋಮಾ ವಿಕಿರಣಕ್ಕೆ ಬೇಗ ಬಗ್ಗುತ್ತದೆ. ಸ್ತನ, ಕರುಳು, ಶ್ವಾಸಕೋಶದ ಗಡ್ಡೆಗಳಿಗೆ ಅದರ ಎರಡು ಮೂರು ಪಟ್ಟು ವಿಕಿರಣ ಬೇಕು. ಅಲ್ಲಿಗೆ ಮುಟ್ಟುವ ಪ್ರತಿಕಾಯವೋ, ಮೈಗೆ ಬಿಟ್ಟ ಒಂದು ಲಕ್ಷದಲ್ಲಿ ಗಡ್ಡೆಯ ಪ್ರತಿ ಗ್ರಾಮಿಗೆ ಒಂದರಿಂದ ಹತ್ತು! ಗಡ್ಡೆಯ ಒಳಗಿನ ಒತ್ತಡ ಹೆಚ್ಚಿರುವುದರಿಂದ ದ್ರವ ಒಳಗೆ ಇಳಿಯುವುದಿಲ್ಲ. ಇಳಿದಷ್ಟೂ ರಕ್ತನಾಳದ ಪಕ್ಕದ ಮೊದಲ ಸಾಲಿನ ಕೋಶಗಳಿಗೇ ಅಂಟಿಕೊಂಡು ನಿಲ್ಲುತ್ತದೆ. ಇಳಿಜಾರಿನ ಹೊಲದಲ್ಲಿ ಮೊದಲ ಸಾಲೇ ನೀರೆಲ್ಲ ಕುಡಿದು ಕೊನೆಯ ಸಾಲು ಒಣಗಿದ ಹಾಗೆ.

ಇದಕ್ಕೆ ವಿಜ್ಞಾನಿಗಳು ಹೂಡಿದ ಉಪಾಯವನ್ನು ಹೇಳಿದಾಗ ಕಾಕಾ ಎದ್ದು ಕೂತರು, ಯಾಕೆಂದರೆ ಅದು ಅವರು ದಿನಾ ಮಾಡುವ ಕೆಲಸ. ಡ್ರಿಪ್ಪಿನಲ್ಲಿ ಗೊಬ್ಬರ ಬಿಡುವಾಗ ಮೊದಲೇ ಪೈಪು ಹಾಸಿರುತ್ತಾರೆ, ನೀರು ಬಿಟ್ಟು ಎಲ್ಲ ಸರಿ ಇದೆಯೇ ನೋಡುತ್ತಾರೆ, ಆಮೇಲೆ ಗೊಬ್ಬರದ ನೀರು ಬಿಡುತ್ತಾರೆ. ಹಾಗೆಯೇ ಇಲ್ಲಿ ಮೊದಲ ದಿನ ಬರಿಯ ಪ್ರತಿಕಾಯ, ವಿಕಿರಣ ಇಲ್ಲದ್ದು. ಅದರ ಒಂದು ತೋಳು ಗಡ್ಡೆಯನ್ನು ಹಿಡಿಯುತ್ತದೆ, ಇನ್ನೊಂದು ತೋಳನ್ನು ಬೇರೆಯದೇ ಒಂದನ್ನು ಹಿಡಿಯುವಂತೆ ಮಾಡಿರುತ್ತಾರೆ, ಅದು ಖಾಲಿ ಇರುತ್ತದೆ. ನಾಲ್ಕಾರು ದಿನ ಬಿಟ್ಟು, ರಕ್ತದಲ್ಲಿ ಉಳಿದದ್ದು ಹೊರಹೋದ ಮೇಲೆ, ಆ ಖಾಲಿ ತೋಳಿಗೆ ಸರಿಯಾಗಿ ಕೂರುವ ಬಹಳ ಸಣ್ಣ ಅಣುವಿಗೆ ವಿಕಿರಣ ಕಟ್ಟಿ ಬಿಡುತ್ತಾರೆ. ಸಣ್ಣದಾದ್ದರಿಂದ ಕೆಲವು ತಾಸಿನಲ್ಲೇ ಗಡ್ಡೆಯೊಳಗೆ ನುಗ್ಗಿ ತೋಳಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ಮಜ್ಜೆಗೆ ಬೀಳುವ ಏಟು ದಿನಗಳಿಂದ ತಾಸುಗಳಿಗೆ ಇಳಿಯುತ್ತದೆ. ಇದು ಇನ್ನೂ ಪ್ರಯೋಗದ ಹಂತದಲ್ಲಿದೆ. ನನಗೆ ಈ ಕ್ಷೇತ್ರದಲ್ಲಿ ಹೆಚ್ಚು ಭರವಸೆ ಇರುವುದು ಇದರ ಮೇಲೆಯೇ.

ಬಾಜೂ ಕಾಟಿನವರ ಅಣ್ಣನಿಗೆ ಕೊಟ್ಟದ್ದು ಏನು ಹಾಗಾದರೆ? ಅದು ಪ್ರತಿಕಾಯವಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶದ ಮೈಮೇಲಿನ ಪಿಎಸ್‌ಎಂಎ ಎಂಬ ಪ್ರೋಟೀನನ್ನು ಹಿಡಿಯುವ ಸಣ್ಣ ಅಣು, ಅದಕ್ಕೆ ಲುಟೇಶಿಯಂ-177. ಯೋಚನೆ ಅದೇ, ಗಾಡಿ ಬೇರೆ. ಅಮೆರಿಕದಲ್ಲಿ ಇದಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. 831 ರೋಗಿಗಳ ಪರೀಕ್ಷೆಯಲ್ಲಿ, ಬೇರೆ ಚಿಕಿತ್ಸೆಗಳೆಲ್ಲ ಮುಗಿದಿದ್ದವರ ಆಯುಷ್ಯದ ಮಧ್ಯಮ ಲೆಕ್ಕ 11.3 ತಿಂಗಳಿನಿಂದ 15.3 ತಿಂಗಳಿಗೆ ಏರಿತು. ಜೊಲ್ಲುಗ್ರಂಥಿಯೂ ಈ ಅಣುವನ್ನು ಸ್ವಲ್ಪ ಹಿಡಿದುಕೊಳ್ಳುವುದರಿಂದ ಬಾಯಿ ಒಣಗುತ್ತದೆ. ಅಣ್ಣನಿಗೆ ರೊಟ್ಟಿ ನುಂಗಲು ಆಗುತ್ತಿಲ್ಲ ಎಂದು ಅವರು ಹೇಳಿದ್ದು ಅದಕ್ಕೇ. ಲುಟೇಶಿಯಂನ ಇನ್ನೊಂದು ಗುಣ, ಬೀಟಾದ ಜೊತೆ ಸ್ವಲ್ಪ ಗಾಮಾ ಕಿರಣವನ್ನೂ ಸೂಸುತ್ತದೆ. ಗಾಮಾ ಮೈಯಿಂದ ಹೊರಬರುತ್ತದೆ, ಕ್ಯಾಮೆರಾದಲ್ಲಿ ಹಿಡಿಯಬಹುದು. ಔಷಧಿ ಎಲ್ಲಿ ಹೋಗಿ ಕೂತಿದೆ ಎಂದು ಚಿತ್ರದಲ್ಲೇ ಕಾಣುತ್ತದೆ. ಕೊಡುವ ಮೊದಲೂ ಪೆಟ್ ಸ್ಕ್ಯಾನ್ ಮಾಡಿ ಗಡ್ಡೆ ಆ ಗುರುತನ್ನು ತೋರಿಸುತ್ತಿದೆಯೇ ಎಂದು ನೋಡುತ್ತಾರೆ. ತೋರಿಸದಿದ್ದರೆ ಕೊಟ್ಟು ಪ್ರಯೋಜನವಿಲ್ಲ.

ಈ ಲುಟೇಶಿಯಂ ನಮ್ಮ ದೇಶದಲ್ಲೇ ತಯಾರಾಗುತ್ತದೆ, ಮುಂಬೈ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ. 1985ರಲ್ಲಿ ಶುರುವಾದ ರಿಯಾಕ್ಟರು ಅದು. ಅಲ್ಲಿಂದ ಸೊಲ್ಲಾಪುರ ಮೇಲೆ ವಿಜಯಪುರಕ್ಕೆ ಸುಮಾರು 500 ಕಿಲೋಮೀಟರ್. ತಯಾರಿ, ಪರೀಕ್ಷೆ, ಪ್ಯಾಕಿಂಗ್, ಪ್ರಯಾಣ ಸೇರಿ ಒಂದು ದಿನ ಹೋದರೆ ಲುಟೇಶಿಯಂನಲ್ಲಿ ಹತ್ತನೇ ಒಂದು ಪಾಲು ಮುಗಿದಿರುತ್ತದೆ, ಯಿಟ್ರಿಯಂ ಆದರೆ ಹೆಚ್ಚುಕಡಿಮೆ ಕಾಲು ಭಾಗ. ಇದು ತಾಳಿಕೊಳ್ಳಬಹುದಾದ ನಷ್ಟ, ಲೆಕ್ಕ ಹಾಕಿ ಹೆಚ್ಚು ತುಂಬಿದರಾಯಿತು. ದಾರಿ ಸಮಸ್ಯೆಯಲ್ಲ. ಈ ತುದಿಯಲ್ಲಿ ಇಳಿಸಿಕೊಳ್ಳುವ ವಾರ್ಡು, ಅನುಮತಿ, ಕಲಿತ ಸಿಬ್ಬಂದಿ ಇರಬೇಕು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಮೊದಲಿನಿಂದ ಇದೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಮಿರಜ, ಸೊಲ್ಲಾಪುರ ಎಂದು ರಾಜ್ಯ ದಾಟಿ ಓಡುತ್ತಿದ್ದ ನಮ್ಮ ಮಂದಿಗೆ ಇಂಥವು ಹತ್ತಿರ ಬರುವುದು ಔಷಧಿ ಕಂಡುಹಿಡಿದಷ್ಟೇ ದೊಡ್ಡ ಕೆಲಸ.

ಕಾಕಾರಿಗೆ ಯಾಕೆ ಕೊಡಲಿಲ್ಲ ಎಂದರೆ, ಅವರಿಗೆ ಈಗ ಅದರ ಅಗತ್ಯ ಬಿದ್ದಿಲ್ಲ. ರಿಟುಕ್ಸಿಮ್ಯಾಬ್ ಮತ್ತು ಕೀಮೋ ಕೂಡಿಸಿ ಕೊಡುವುದೇ ಅವರ ಕಾಯಿಲೆಗೆ ಎಲ್ಲ ಕಡೆ ನಡೆಯುವ ಮೊದಲ ಚಿಕಿತ್ಸೆ. ಎರಡನೇ ಸೈಕಲ್ ಮುಗಿಯುವಷ್ಟರಲ್ಲಿ ಕೊರಳ ಗಂಟು ಕೈಗೆ ಸಿಗದಷ್ಟು ಸಣ್ಣದಾಗಿತ್ತು.

ಮೂರನೆಯ ಸಂಜೆ ಎಲ್ಲ ಕೇಳಿದ ಮೇಲೆ ಕಾಕಾ ಕೇಳಿದ್ದು ಒಂದೇ: “ಅಂಥಾದ್ದು ಮೈಯಾಗ ಇಟ್ಕೊಂಡು ಮನಿಗಿ ಬಂದ್ರ ಮೊಮ್ಮಗಳ್ನ ಎತ್ಕೋಬೌದೇನ?”

ಯಾವ ಪರಮಾಣು ಎಂಬುದರ ಮೇಲೆ ನಿಂತಿದೆ ಎಂದೆ. ಯಿಟ್ರಿಯಂ ಆದರೆ ಅದರ ಬೀಟಾ ಕಣ ಮೈಯೊಳಗೇ ನಿಲ್ಲುತ್ತದೆ, ಅದೇ ದಿನ ಮನೆಗೆ ಕಳಿಸುತ್ತಾರೆ. ಕೆಲವು ದಿನ ಮೂತ್ರ, ರಕ್ತ ಯಾರಿಗೂ ತಾಗದಂತೆ ನೋಡಿಕೊಂಡು ಕೈ ಚೆನ್ನಾಗಿ ತೊಳೆಯಬೇಕು. ಲುಟೇಶಿಯಂ ಆದರೆ ಸುಮಾರು ಒಂದು ವಾರ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಬಾರದು, ಗರ್ಭಿಣಿಯರಿಂದ ಇನ್ನೂ ಹೆಚ್ಚು ದಿನ ದೂರ ಇರಬೇಕು. ಅಯೋಡಿನ್-131 ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಆಸ್ಪತ್ರೆಯಲ್ಲೇ ದಪ್ಪ ಗೋಡೆಯ ಒಂಟಿ ಕೋಣೆ. ಆ ಕೋಣೆಯ ಶೌಚದ ನೀರನ್ನೂ ಬೇರೆ ಟಾಕಿಯಲ್ಲಿ ಹಿಡಿದಿಡುತ್ತಾರೆ. ಎಂಟು ದಿನಕ್ಕೆ ಅರ್ಧ, 80 ದಿನಕ್ಕೆ ಸಾವಿರದಲ್ಲಿ ಒಂದು ಪಾಲಾದ ಮೇಲೆ ಹೊರಗೆ ಬಿಡುತ್ತಾರೆ.

“ನಿಮಗೆ ಕೊಟ್ಟದ್ರಾಗ ವಿಕಿರಣನ ಇಲ್ಲ ಕಾಕಾ” ಅಂದೆ. “ನೀವು ಇವತ್ತೇ ಎತ್ಕೋಬೌದು. ಅಕಿಗೆ ನೆಗಡಿ ಕೆಮ್ಮು ಇರಬಾರದು ಅಷ್ಟ. ನಿಮ್ಮ ಬಿಳಿ ಕಣ ಈಗ ಕಡಿಮಿ ಅದಾವ.”

ಆ ವಾರ ಅವಳಿಗೆ ನೆಗಡಿಯಿತ್ತು. ಕಾಕಾ ಅಂಗಳದ ಈ ಬದಿಗೆ ಕಾಟು ಹಾಕಿಸಿಕೊಂಡು, ಬಾಗಿಲಲ್ಲಿ ನಿಂತ ಅವಳಿಗೆ ಕೂತಲ್ಲಿಂದಲೇ ಮಗ್ಗಿ ಹೇಳಿಸಿದರು.